ಸೀಗೆಕುಂಟೆ ಗೇಟಿನ ಪಾಪಕ್ಕ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಹೊಸಕೋಟೆಯಿಂದ ಬೂದಿಗೆರೆ ಮೇಲೆ ದೇವನಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಸೊಣ್ಣಪ್ಪ ಅಂದರೆ ಆ ದಾರಿಯ ಹಳಬರಿಗೆ ಇವತ್ತಿಗೂ ಗೊತ್ತು. ನನ್ನೂರು ಸೀಗೆಕುಂಟೆ. ಊರಿನ ಸ್ಟಾಪು ಬಂತೆಂದರೆ ನನ್ನ ದನಿ ತಾನಾಗಿ ಏರುತ್ತಿತ್ತು. "ಸೀಗೆಕುಂಟೆ ಗೇಟ್, ಇಳ್ಕೊಳಿ ಇಳ್ಕೊಳಿ" ಎಂದು ಕೂಗಿ ಸೀಟಿ ಊದುತ್ತಿದ್ದೆ. ಹೊಸಬರು ಇಳಿದು ಕಣ್ಣು ಕಣ್ಣು ಬಿಡುತ್ತಿದ್ದರು. ಅಲ್ಲಿದ್ದದ್ದು ಒಂದು ಹೊಂಗೆಮರ, ಅದರ ಬುಡದಲ್ಲಿ ಕೂರಲು ಒಂದು ಚಪ್ಪಡಿಕಲ್ಲು, ಬಲಗಡೆಗೆ ತಿರುಗುವ ಮಣ್ಣಿನ ದಾರಿ. ಗೇಟ್ ಎಲ್ಲಿದೆ ಕಂಡಕ್ಟ್ರೇ ಎಂದು ಯಾರಾದರೂ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ನಮ್ಮ ಸೀಮೆಯಲ್ಲಿ ಊರಿನ ದಾರಿ ಬಂದು ಟಾರು ರಸ್ತೆಗೆ ಸೇರುವ ಜಾಗಕ್ಕೆ ಗೇಟ್ ಅನ್ನುತ್ತೇವೆ. ಕಂಬ ಇಲ್ಲ, ಕದ ಇಲ್ಲ, ಚಿಲಕ ಇಲ್ಲ. ಆ ಹೆಸರು ಯಾಕೆ ಬಂತು ಎಂದು ಕೇಳಿದರೆ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಬ್ರಿಟಿಷರ ಕಾಲದಲ್ಲಿ ಸುಂಕದ ಗೇಟ್ ಇತ್ತು ಅನ್ನುವವರಿದ್ದಾರೆ, ಯಾರೋ ದೊರೆಯ ಮಾವಿನ ತೋಪಿನ ಗೇಟ್ ಅದು ಅನ್ನುವವರಿದ್ದಾರೆ. ನಾನಂತೂ ತಲೆ ಕೆಡಿಸಿಕೊಂಡವನಲ್ಲ. ಊರಿನ ಸೊಸೆಯಂದಿರೆಲ್ಲ ಮೊದಲು ಕಾಲಿಟ್ಟದ್ದು ಅಲ್ಲಿ. ಪಿಲ್ಲಗುಂಪೆಯ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುವವರು ಬೆಳಗ್ಗೆ ಬುತ್ತಿ ಹಿಡಿದು ನಿಲ್ಲುವುದು ಅಲ್ಲಿ. ನೆಂಟರು ಹೊರಟರೆ ಗೇಟಿನವರೆಗೂ ಹೋಗಿ ಬಿಟ್ಟುಬರಬೇಕು. ಮನೆಬಾಗಿಲಲ್ಲೇ ಕೈ ಮುಗಿದು ಕಳಿಸಿದರೆ ಅವರು ಮೂರು ವರ್ಷ ಅದನ್ನೇ ಹೇಳಿಕೊಂಡು ತಿರುಗುತ್ತಾರೆ.

ಊರಿನಲ್ಲಿ ಇನ್ನೊಂದು ಗೇಟ್ ಇತ್ತು, ಅದು ಕೆರೆಯದು. ಅದನ್ನು ಎತ್ತುವ ಇಳಿಸುವ ಹಕ್ಕಿದ್ದದ್ದು ಪಾಪಕ್ಕ ಒಬ್ಬಳಿಗೆ. ನಾನು ಹೇಳಹೊರಟಿರುವುದು ಅವಳ ವಿಷಯ.

ಪಾಪಕ್ಕನ ಅಪ್ಪ ದೊಡ್ಡಬೀರಪ್ಪ ನಮ್ಮೂರ ನೀರುಗಂಟಿ. ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುವುದು ಅವನ ಮನೆತನದ ಕೆಲಸ. ಹಿಂದೆ ಕೆರೆಗೆ ನೀರು ಬಿಡುವ ಕಲ್ಲಿನ ತೂಬಿತ್ತು. ಆಮೇಲೆ ಸರ್ಕಾರದವರು ಅದಕ್ಕೆ ಕಬ್ಬಿಣದ ಹಲಗೆ ಕೂರಿಸಿ, ಮೇಲೆ ಉದ್ದನೆಯ ತಿರುಪು ನಿಲ್ಲಿಸಿ, ತಿರುಗಿಸಲು ಒಂದು ಹ್ಯಾಂಡಲ್ ಕೊಟ್ಟುಹೋದರು. ಅಂದಿನಿಂದ ತೂಬು ಹೋಗಿ ಗೇಟ್ ಆಯಿತು, ಬೀರಪ್ಪ ಹೋಗಿ ಗೇಟ್ ಬೀರಪ್ಪ ಆದ. ಎರಡು ಸುತ್ತು ತಿರುಗಿಸಿದರೆ ಮೇಲಿನ ಬಯಲಿಗೆ ಸಾಕು, ನಾಲ್ಕು ಸುತ್ತಿಗೆ ಕೊನೆಯ ಗದ್ದೆ ಮುಟ್ಟುತ್ತದೆ ಎನ್ನುವ ಲೆಕ್ಕ ಅವನ ಕೈಯಲ್ಲಿತ್ತು.

ಅವನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಗೇಟ್ ಎತ್ತುವ ಮುಂಚೆ ನೀರುಗಂಟಿ ಕಾಲುವೆಯನ್ನು ಕೊನೆಯಿಂದ ತಲೆಯವರೆಗೂ ನಡೆದು ಬರಬೇಕು. ಪ್ರತಿ ತಿರುವಿನಲ್ಲಿ ನಿಂತು, ನೀರು ಬರುತ್ತದೆ ದಡಕ್ಕೆ ಬನ್ನಿ ಎಂದು ಮೂರು ಸಲ ಕೂಗಬೇಕು. ಬೀರಪ್ಪನ ತಾತನ ಕಾಲದಲ್ಲಿ ಹಾಗೆ ನಡೆಯದೆ ತೂಬು ತೆಗೆದ ಒಂದು ದಿನ, ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಬಸುರಿಯೊಬ್ಬಳು ಕೊಚ್ಚಿಹೋದಳಂತೆ. ಆಮೇಲೆ ಆ ಮನೆಯವರು ಒಂದು ಸಲವೂ ಕಟ್ಟಳೆ ತಪ್ಪಲಿಲ್ಲ. ಸಾಹುಕಾರರ ಪೈರು ಒಣಗುತ್ತಿದ್ದರೂ ಸರಿ, ಅಮಲ್ದಾರರು ಕೆರೆಯ ಏರಿಯ ಮೇಲೆ ಕಾಯುತ್ತಿದ್ದರೂ ಸರಿ, ಬೀರಪ್ಪ ಮೊದಲು ನಡೆದು ಬರುತ್ತಿದ್ದ.

ಬೀರಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಪಾಪಕ್ಕನ ಗಂಡ ರಾಮಾಂಜಿನಪ್ಪ ಮನೆ ಅಳಿಯನಾಗಿ ಬಂದವನು, ಸಾಧು, ನೀರು ಕಂಡರೆ ಹೆದರಿಕೆ. ಎಂಬತ್ತೊಂಬತ್ತರಲ್ಲಿ ಬೀರಪ್ಪ ತೀರಿಕೊಂಡಾಗ ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿತು. ಕೆರೆ ಕೆಳಗೆ ಎಲ್ಲರಿಗಿಂತ ಹೆಚ್ಚು ಗದ್ದೆ ಇದ್ದವನು ಗೋಪಾಲಪ್ಪ. ಆಗಿನ್ನೂ ಬಿಸಿರಕ್ತದ ವಯಸ್ಸು. ಹೆಂಗಸು ಗೇಟ್ ಮುಟ್ಟಿದರೆ ಕೆರೆ ಬತ್ತಿಹೋಗುತ್ತದೆ, ಹ್ಯಾಂಡಲ್ ಬೇರೆಯವರ ಕೈಗೆ ಕೊಡಿ ಎಂದ. ಕಟ್ಟೆಯ ಮೇಲೆ ಕೂತಿದ್ದ ಗಂಡಸರೆಲ್ಲ ತಲೆಯಾಡಿಸಿದರು. ಅವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ. ಪಾಪಕ್ಕ ಹ್ಯಾಂಡಲನ್ನು ಮಗುವಿನ ಹಾಗೆ ಸೊಂಟಕ್ಕೆ ಇಟ್ಟುಕೊಂಡು ಬಂದು ಎದುರಿಗೇ ನಿಂತಳು.

"ಗೇಟು ಕೇಳೋದು ತೋಳನ್ನ, ಸೀರೇನೋ ಪಂಚೇನೋ ಅಂತ ಕೇಳಲ್ಲ ಗೋಪಾಲಣ್ಣ. ನಮ್ಮಪ್ಪ ಹಾಸಿಗೆ ಹಿಡಿದು ಎರಡು ವರ್ಷ ಆಗಿತ್ತು. ಆ ಎರಡು ವರ್ಷ ನಿಮ್ಮ ಗದ್ದೆಗೆ ನೀರು ಬಿಟ್ಟೋರು ಯಾರು ಅಂದ್ಕೊಂಡಿದ್ರಿ?"

ಅವಳು ಹ್ಯಾಂಡಲ್ ಸಮೇತ ಮನೆಗೆ ಹೋದಳು.

ಕೆರೆ ಬತ್ತಿದ್ದೇನೋ ನಿಜ. ಹತ್ತು ವರ್ಷಗಳಲ್ಲಿ ಊರ ಸುತ್ತ ಬೋರ್‌ವೆಲ್ ಕೊರೆದು ಕೊರೆದು ನೆಲ ಜರಡಿಯಾಯಿತು, ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು. ನೋಡಿದೆಯಾ, ನಾನು ಹೇಳಿರಲಿಲ್ಲವಾ ಎಂದು ಗೋಪಾಲಪ್ಪ ಸಿಕ್ಕಿದಾಗಲೆಲ್ಲ ಕುಟುಕುತ್ತಿದ್ದ. ನಿನ್ನ ಐದು ಬೋರ್‌ವೆಲ್ಲಿಗೂ ಸೀರೆ ಉಡಿಸಿದ್ದೆಯಾ ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ನೀರಿಲ್ಲದ ಕೆರೆಯ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಕಾಳಿನ ಪಾಲು ಯಾರು ಕೊಡುತ್ತಾರೆ, ಅದು ನಿಂತುಹೋಯಿತು. ಆದರೂ ಪ್ರತಿ ಯುಗಾದಿಗೆ ಅವಳು ತಿರುಪಿಗೆ ಗ್ರೀಸ್ ಮೆತ್ತುತ್ತಿದ್ದಳು. ಮುಂಗಾರಿನ ಮೊದಲ ಮಳೆ ಬಿದ್ದ ಮಾರನೇ ದಿನ ಒಣ ಕಾಲುವೆಯಲ್ಲಿ ಕೊನೆಯಿಂದ ತಲೆಯವರೆಗೂ ನಡೆದು, ತಿರುವುಗಳಲ್ಲಿ ನಿಂತು ಕೂಗುತ್ತಿದ್ದಳು. ಊರಿಗೆಲ್ಲ ಅದೊಂದು ತಮಾಷೆ. ಬಸ್ಸಿನ ಕಿಟಕಿಯಿಂದ ನೋಡಿ ನಾನೂ ನಕ್ಕಿದ್ದೇನೆ.

ಎರಡು ಸಾವಿರದ ಎಂಟರಲ್ಲಿ ಏರ್‌ಪೋರ್ಟ್ ಶುರುವಾಯಿತು. ಪಾಪಕ್ಕ ಅಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದಳು. ನೀಲಿ ಅಂಗಿ ಹಾಕಿ, ಕತ್ತಿಗೆ ಪಾಸು ತೂಗಿಸಿಕೊಂಡು ನನ್ನ ಬಸ್ಸಿನಲ್ಲೇ ಹೋಗುತ್ತಿದ್ದಳು. ವಿಮಾನ ಹತ್ತಲು ಜನ ಸಾಲುಗಟ್ಟಿ ನಿಲ್ಲುವ ಗೇಟುಗಳ ಮುಂದೆ ನೆಲ ಒರೆಸುವುದು ಅವಳ ಪಾಳಿ. ಅಲ್ಲಿನ ಗೇಟುಗಳಿಗೆ ನಂಬರ್ ಇದೆ ಎಂದು ಹೇಳಿದಾಗ, ಹಾಗಾದರೆ ಒಂದಕ್ಕೆ ನಮ್ಮೂರ ಹೆಸರಿಡಲು ಹೇಳು ಎಂದು ನಾನು ರೇಗಿಸುತ್ತಿದ್ದೆ. ಒಂದು ದಿನ ಅವಳು ಬಹಳ ಬೇಜಾರಿನಲ್ಲಿದ್ದಳು. ತಾಯಿಯ ಸಾವಿಗೆ ಹೊರಟ ಹುಡುಗಿಯೊಬ್ಬಳು ನಾಲ್ಕು ನಿಮಿಷ ತಡವಾಗಿ ಬಂದಳಂತೆ, ಗೇಟ್ ಕ್ಲೋಸ್ ಆಗಿದೆ ಎಂದು ಬಿಡಲಿಲ್ಲವಂತೆ. ವಿಮಾನ ಗಾಜಿನ ಆಚೆ ಕಣ್ಣೆದುರಿಗೇ ನಿಂತಿತ್ತಂತೆ. ಮುಚ್ಚುವುದಕ್ಕೆ ಅಂತಲೇ ಗೇಟ್ ಇಟ್ಟುಕೊಂಡವರನ್ನು ಅಲ್ಲಿಯೇ ನೋಡಿದ್ದು ಕಣಣ್ಣ ಎಂದಳು. ಹತ್ತು ವರ್ಷ ದುಡಿದು ಕೆಲಸ ಬಿಟ್ಟ ದಿನ ಕತ್ತಿನ ಪಾಸು ವಾಪಸ್ ಕೊಟ್ಟು, ಕುತ್ತಿಗೆ ಹಗುರಾಯಿತು ಎಂದು ಹೇಳಿಕೊಂಡು ಬಂದಳು.

ಈ ನಡುವೆ ಊರಿಗೆ ಮೂರನೆಯ ಗೇಟ್ ಬಂದಿತ್ತು. ಗೋಪಾಲಪ್ಪನೂ ಇನ್ನು ನಾಲ್ಕೈದು ಜನರೂ ಕೆರೆ ಕೆಳಗಿನ ಗದ್ದೆಗಳನ್ನು ಮಾರಿದರು. ಅಲ್ಲಿ ಎಂಬತ್ತು ಮನೆಗಳ ಲೇಔಟ್ ಎದ್ದಿತು. ಸುತ್ತ ಎರಡಾಳೆತ್ತರದ ಕಾಂಪೌಂಡು, ಮುಂದೆ ಚಕ್ರದ ಮೇಲೆ ಸರಿಯುವ ಕಬ್ಬಿಣದ ಗೇಟು, ಗುಂಡಿ ಒತ್ತಿದರೆ ತಾನೇ ತೆರೆಯುವಂಥದ್ದು. ಗೇಟ್ ನಿಂತದ್ದು ನಮ್ಮ ಹಳೆಯ ಬಂಡಿದಾರಿಯ ಎದೆಯ ಮೇಲೆ. ಕಾಲುವೆ ಲೇಔಟಿನ ಹಿಂದಿನ ಗೋಡೆಯಾಚೆ ಉಳಿಯಿತು. ಅದರ ಎರಡು ತುದಿಗೂ ಲೇಔಟಿನವರು ಹತ್ತಲಾಗದಷ್ಟು ಎತ್ತರಕ್ಕೆ ಮುಳ್ಳುತಂತಿಯ ಬಲೆ ಬಿಗಿದು, ತಮ್ಮ ಕಡೆಯಿಂದ ಗೋಡೆಯಲ್ಲೊಂದು ಚಿಕ್ಕ ಬಾಗಿಲಿಟ್ಟು, ಅದಕ್ಕೆ ಬೀಗ ಹಾಕಿಕೊಂಡರು. ಅಂದರೆ ಕಾಲುವೆಗೆ ಇಳಿಯಬೇಕಾದರೆ ಲೇಔಟಿನ ಒಳಗಿನಿಂದಲೇ ಹೋಗಬೇಕು. ಅಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿ ಕೆಲಸಕ್ಕೆ ನಿಂತವನು ಗೋಪಾಲಪ್ಪನ ಮಗ ಮಂಜೇಶ. ಅಪ್ಪ ಉತ್ತ ಗದ್ದೆಯನ್ನು ಮಗ ಯೂನಿಫಾರ್ಮ್ ಹಾಕಿಕೊಂಡು ಕಾಯತೊಡಗಿದ.

ಆ ವರ್ಷದ ಮೊದಲ ಮಳೆಯ ಮಾರನೇ ದಿನ ಪಾಪಕ್ಕ ಕಾಲುವೆ ನಡೆಯಲು ಹೋದಳು. ಅಂದು ನನಗೂ ರಜೆ, ಜೊತೆಗೆ ಹೋಗಿದ್ದೆ. ಮಂಜೇಶ ತಲೆ ತಗ್ಗಿಸಿಕೊಂಡೇ ಒಂದು ರಿಜಿಸ್ಟರ್ ಮುಂದಿಟ್ಟ. ಹೆಸರು, ಫೋನ್ ನಂಬರ್, ಯಾರ ಮನೆಗೆ, ಯಾವ ಕೆಲಸಕ್ಕೆ, ಕೊನೆಗೆ ಸಂದರ್ಶಕರ ಸಹಿ. ಯಾರ ಮನೆಗೂ ಅಲ್ಲ, ನೀರಿನ ದಾರಿ ನೋಡೋಕೆ ಎಂದಳು ಪಾಪಕ್ಕ. ಅದಕ್ಕೆ ಇಲ್ಲಿ ಜಾಗ ಇಲ್ಲ ಪಾಪಕ್ಕ, ಯಾವುದಾದರೂ ಮನೆ ನಂಬರ್ ಹಾಕಿಬಿಡು ಎಂದ. ಅವಳು ಒಪ್ಪಲಿಲ್ಲ. ಲೇಔಟಿನ ಸಂಘದ ಕಾರ್ಯದರ್ಶಿ ರವಿಚಂದ್ರ ಎಂಬವರು ಬಂದರು. ಮೈಸೂರಿನ ಕಡೆಯವರು, ಮೆತ್ತನೆಯ ಮಾತು. ಒಂದು ಸಹಿ ತಾನೇ ಅಮ್ಮ, ಅದರಿಂದ ನಿಮಗೇನು ನಷ್ಟ, ನಮ್ಮ ಮನೆಗೆ ಬರುವ ನಮ್ಮ ತಮ್ಮನೂ ಸಹಿ ಮಾಡಿಯೇ ಬರುತ್ತಾನೆ ಎಂದರು.

"ನಿಮ್ಮ ತಮ್ಮ ನಿಮ್ಮನೆಗೆ ಬರ್ತಾರೆ ಸ್ವಾಮಿ, ಅವ್ರು ಹಾಕ್ಲಿ. ಇದು ನಮ್ಮಜ್ಜ ನಡೆದ ದಾರಿ. ನನ್ನ ದಾರೀಲಿ ನಾನೇ ನೆಂಟಳು ಅಂತ ನಾನೇ ಬರ್ಕೊಟ್ರೆ, ನಾಳೆ ಆ ಪುಸ್ತಕಾನೇ ತೋರಿಸ್ತೀರಿ."

ಬೆಳಗ್ಗೆ ಹತ್ತಕ್ಕೆ ಗೇಟಿನ ಮುಂದೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ನನಗೆ ಹಸಿವು, ಬಿಸಿಲು, ಅವಮಾನ ಎಲ್ಲ ಸೇರಿ ರೇಗಿಹೋಯಿತು. ಗೀಚಿ ಬಿಸಾಕಿ ಒಳಗೆ ಹೋಗಬಾರದೇನು, ನೀರೇ ಇಲ್ಲದ ಕಾಲುವೆಗೆ ಇಷ್ಟೊಂದು ಹಟವೇ ಎಂದು ಅವಳನ್ನೇ ಗದರಿಸಿದೆ. ಅವಳು ಎದ್ದು ಸೀರೆ ಕೊಡವಿಕೊಂಡು ಮನೆಗೆ ಹೊರಟಳು. ಮಾರನೇ ವಾರ ತಾಲ್ಲೂಕು ಆಫೀಸಿಗೆ ಹೋಗಿ ಗ್ರಾಮನಕಾಶೆ ತೆಗೆಸಿದಳು. ಅದರಲ್ಲಿ ಕಾಲುವೆ ಸರ್ಕಾರದ್ದು, ಬಂಡಿದಾರಿ ಊರಿನದು ಎಂದು ಗೆರೆ ಹೊಡೆದಂತೆ ಸ್ಪಷ್ಟವಾಗಿತ್ತು. ಅಲ್ಲಿನವರು ನೋಡೋಣ ಎಂದರು. ಆರು ವರ್ಷ ನೋಡಿದರು. ಆ ಆರು ವರ್ಷವೂ ಮೊದಲ ಮಳೆಯ ಮಾರನೇ ದಿನ ಅವಳು ಹೋಗಿ ಆ ಗೇಟಿನ ಮುಂದೆ ನಿಲ್ಲುವುದು, ಮಂಜೇಶ ರಿಜಿಸ್ಟರ್ ಒಡ್ಡುವುದು, ಅವಳು ಮುಟ್ಟದೆ ವಾಪಸ್ ಬರುವುದು ನಡೆಯಿತು. ಆರು ವರ್ಷ ಕಾಲುವೆಯಲ್ಲಿ ಯಾರೂ ನಡೆಯಲಿಲ್ಲ.

ಆಮೇಲೆ ಇಪ್ಪತ್ತೆರಡರ ಮಳೆ ಬಂತು. ನಾನು ಆಗ ರಿಟೈರ್ ಆಗಿ ಮನೆಯಲ್ಲಿದ್ದೆ. ಅಂಥ ಮಳೆಯನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕೆರೆಯ ಅಂಗಳದ ಜಾಲಿಮರಗಳು ಕುತ್ತಿಗೆ ಮಟ್ಟ ಮುಳುಗಿದವು. ಸೆಪ್ಟೆಂಬರಿನಲ್ಲಿ ಮತ್ತೆ ನಾಲ್ಕು ದಿನ ಬಿಡದೆ ಸುರಿದು, ಇಪ್ಪತ್ತೇಳು ವರ್ಷಗಳ ಮೇಲೆ ಕೆರೆ ತುಂಬಿ ಕೋಡಿ ಬಿತ್ತು. ಮೊದಲ ದಿನ ಊರೆಲ್ಲ ಹೋಗಿ ಅರಿಶಿನ ಕುಂಕುಮ ಹಾಕಿ ಬಾಗಿನ ಬಿಟ್ಟೆವು. ಎರಡನೆಯ ದಿನ ಕೋಡಿಯ ನೀರು ರಸ್ತೆ ಹಾರಿ ಲೇಔಟಿಗೆ ನುಗ್ಗಿತು. ಮೂರನೆಯ ದಿನ ಬೆಳಗ್ಗೆ ಏಳು ಗಂಟೆಗೆ ಏರಿಯ ನಡುಮಧ್ಯೆ, ಬೇವಿನಮರದ ಹತ್ತಿರ, ಮಣ್ಣಿನ ನೀರು ಜಿನುಗುವುದು ಕಾಣಿಸಿತು. ಏರಿ ಒಡೆದರೆ ಕೆಳಗಿನ ಬೀದಿಯ ಮೂವತ್ತು ಮನೆಗಳೂ ಲೇಔಟೂ ಉಳಿಯುವುದಿಲ್ಲ.

ಗೋಪಾಲಪ್ಪ ಇಂಜಿನಿಯರಿಗೆ ಫೋನ್ ಮಾಡಿದ. ದಾರಿಯಲ್ಲಿ ಮೋರಿ ಕುಸಿದಿದೆ, ಬರಲಾಗುವುದಿಲ್ಲ, ಕೆರೆಯ ಗೇಟ್ ಎತ್ತಿ, ಕಾಲುವೆಯಲ್ಲಿ ನೀರು ಹರಿದುಹೋದರೆ ಏರಿಯ ಮೇಲಿನ ಭಾರ ಇಳಿಯುತ್ತದೆ ಎಂದು ಆ ಕಡೆಯಿಂದ ಉತ್ತರ ಬಂತು. ಎಲ್ಲರೂ ಪಾಪಕ್ಕನ ಮನೆಗೆ ಓಡಿದರು. ಅವಳು ಆಗಲೇ ಸೀರೆ ಎತ್ತಿ ಕಟ್ಟಿ, ಹ್ಯಾಂಡಲ್ ಹಿಡಿದು ಏರಿಯ ಮೇಲಿದ್ದಳು. ತಿರುಪಿಗೆ ಸಿಕ್ಕಿಸಿ ಒಂದಿಷ್ಟು ಅಲುಗಿಸಿ ನೋಡಿದಳು. ಅಷ್ಟು ವರ್ಷಗಳ ಗ್ರೀಸು, ತಿರುಪು ಒಂದೇ ಏಟಿಗೆ ಮಾತು ಕೇಳಿತು. ನಾವೆಲ್ಲ ಹೋ ಎಂದೆವು. ಅವಳು ಹ್ಯಾಂಡಲನ್ನು ವಾಪಸ್ ಕಿತ್ತುಕೊಂಡು, ಕಾಲುವೆ ನಡೆದು ಬರುತ್ತೇನೆ, ಲೇಔಟಿನ ಗೇಟ್ ತೆಗೆಸಿ ಎಂದಳು.

ಅಲ್ಲಿ ಗೇಟ್ ಕೆಟ್ಟು ಕೂತಿತ್ತು. ಎರಡು ದಿನದಿಂದ ಕರೆಂಟಿಲ್ಲ, ಗುಂಡಿ ಒತ್ತಿದರೆ ಸರಿಯುವ ಗೇಟು ಈಗ ಆನೆ ನೂಕಿದರೂ ಸರಿಯದು. ಕೈಯಲ್ಲಿ ತೆರೆಯಲು ಒಂದು ಚಾವಿ ಇತ್ತಂತೆ, ಅದು ಗೇಟ್ ಹಾಕಿದ ಏಜೆನ್ಸಿಯವರ ಹತ್ತಿರ ಇತ್ತಂತೆ. ಎಂಬತ್ತು ಮನೆಗಳ ಜನ ಮೊಣಕಾಲುದ್ದದ ನೀರಿನಲ್ಲಿ ತಮ್ಮದೇ ಗೇಟಿನ ಒಳಗೆ ಸಿಕ್ಕಿಕೊಂಡಿದ್ದರು. ರವಿಚಂದ್ರ ಒಳಗಿನಿಂದ ಏಣಿ ಹಾಕಿ, ಮೇಲಿನ ಈಟಿಮೊನೆಗಳಿಗೆ ಪ್ಯಾಂಟು ಹರಿದುಕೊಂಡು, ಮಂಜೇಶನ ಜೊತೆ ಹೇಗೋ ಏರಿಗೆ ಬಂದಿದ್ದರು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆತುಂಬ ನಗುತ್ತಿದ್ದೆ.

ನಡೆಯುವುದೆಲ್ಲ ಆಮೇಲೆ ಇರಲಿ, ಮೊದಲು ನೀರು ಬಿಡಿ ಎಂದು ರವಿಚಂದ್ರ ಕೈ ಮುಗಿದರು. ಕಾಲುವೆಯಲ್ಲಿ ಯಾರೂ ಇಲ್ಲ, ನಾನು ಅಲ್ಲೇ ವಾಸವಾಗಿರುವವನು, ನಾನು ಗ್ಯಾರಂಟಿ ಕೊಡುತ್ತೇನೆ ಎಂದರು.

"ನೀವು ಕಾಲುವೆ ನೋಡಿ ಎಷ್ಟು ದಿನ ಆಯ್ತು?" ಎಂದು ಪಾಪಕ್ಕ ಕೇಳಿದಳು.

ಆಗ ಗೋಪಾಲಪ್ಪ ಬಾಯಿಗೆ ಬಂದಂತೆ ಬೈಯತೊಡಗಿದ. ಇವಳ ಒಣ ಹಟಕ್ಕೆ ಊರು ಕೊಚ್ಚಿಹೋಗುತ್ತದೆ, ಹ್ಯಾಂಡಲ್ ಕಿತ್ತುಕೊಳ್ಳಿ ಎಂದ. ಕೆಳಗಿನ ಬೀದಿಯ ಹೆಂಗಸರು ಅಳುತ್ತಿದ್ದರು, ಇಬ್ಬರು ಹುಡುಗರು ಮುಂದೆ ಬಂದರು. ಪಾಪಕ್ಕ ತಿರುಪಿಗೆ ಬೆನ್ನು ಕೊಟ್ಟು ಕೆಸರಿನಲ್ಲಿ ಕೂತುಬಿಟ್ಟಳು. ಹ್ಯಾಂಡಲ್ ಅವಳ ತೊಡೆಯ ಕೆಳಗಿತ್ತು. ಅವಳ ಮನೆಯೂ ಕೆಳಗಿನ ಬೀದಿಯಲ್ಲೇ ಇತ್ತು. ಪಾರ್ಶ್ವವಾಯು ಹೊಡೆದು ಮಲಗಿದ್ದ ಗಂಡ ರಾಮಾಂಜಿನಪ್ಪನನ್ನು ಆಗಷ್ಟೇ ಮಂಚದ ಸಮೇತ ಶಾಲೆಗೆ ಸಾಗಿಸಿದ್ದೆವು. ಅವಳಿಗೆ ಕಳೆದುಕೊಳ್ಳಲು ಏನೂ ಇಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ನಾನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಇದೊಂದು ಸಲ ಬಿಟ್ಟುಬಿಡು ಪಾಪಕ್ಕ ಎಂದೆ. ಬೇಕಾದರೆ ಏಣಿ ಹಾಕಿ ನಿನ್ನನ್ನು ಗೇಟಿನ ಆಚೆ ಇಳಿಸುತ್ತೇವೆ, ಒಂದು ಕಣ್ಣು ನೋಡಿ ಬಾ ಎಂದೆ.

"ನಾನೊಬ್ಬಳು ಹೋಗಿ ಬರೋಕಲ್ಲ ಸೊಣ್ಣಪ್ಪಣ್ಣ. ಒಳಗೆ ಯಾರಾದ್ರೂ ಇದ್ರೆ ಅವ್ರು ಈಚೆ ಬರೋಕೆ ದಾರಿ ಬೇಕಲ್ಲ. ಯಾರಾದ್ರೂ ಇದಾರೋ ಇಲ್ವೋ ನಂಗೊತ್ತಿಲ್ಲ. ಗೊತ್ತಿಲ್ದೇ ಇರೋದಕ್ಕೇ ನಡಿಬೇಕು ಅಂತಿರೋದು."

ಹೇಳುವಾಗ ಅವಳ ಕಣ್ಣು ಬೇವಿನಮರದ ಕಡೆಗೇ ಇತ್ತು. ಅವಳಿಗೂ ಭಯವಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ಜಿನುಗುತ್ತಿದ್ದ ಕಡೆ ಈಗ ಬೆರಳು ಗಾತ್ರದ ನೀರು ಬರುತ್ತಿತ್ತು. ಹುಡುಗರಲ್ಲಿ ಒಬ್ಬ ಅವಳ ರಟ್ಟೆಗೆ ಕೈ ಹಾಕಿದ. ನಾನು ಅವನನ್ನು ತಡೆಯಲಿಲ್ಲ. ಈ ಬರಹದಲ್ಲಿ ನಾನು ಬರೆಯಲು ಹಿಂದೆಗೆದ ಮಾತು ಅದೊಂದೇ.

ತಡೆದವನು ಮಂಜೇಶ. ಅಷ್ಟು ಹೊತ್ತು ಅಪ್ಪನ ಬೆನ್ನ ಹಿಂದೆ ನಿಂತಿದ್ದವನು ಮುಂದೆ ಬಂದು ಹುಡುಗನನ್ನು ಆಚೆ ತಳ್ಳಿದ.

"ಪಾಪಕ್ಕ, ಗೋಡೆ ಹಿಂದೆ ಕಾಲುವೇಲಿ ಎರಡು ಶೆಡ್ ಅವೆ. ಮಾಲಿ ಮನೆಯೋರು. ಮೊನ್ನೆ ಸಂಜೆ ಬಾಗಿಲಿಗೆ ಬೀಗ ಹಾಕಿದ್ದು ನಾನೇ, ಮತ್ತೆ ತೆಗೀಲಿಲ್ಲ."

ತೋಟದ ಕೆಲಸಕ್ಕೆ ರಾಯಚೂರಿನ ಕಡೆಯಿಂದ ಬಂದ ಕುಟುಂಬ ಅದು. ಲೇಔಟಿನ ಒಳಗೆ ತಗಡಿನ ಶೆಡ್ ಕಣ್ಣಿಗೆ ಬೀಳಬಾರದು ಎಂದು ಸಂಘದಲ್ಲಿ ತೀರ್ಮಾನವಾಗಿತ್ತಂತೆ. ಅದಕ್ಕೆ ಎರಡು ತಿಂಗಳ ಹಿಂದೆ ಅವರನ್ನು ಗೋಡೆಯಾಚೆಗೆ, ಒಣ ಕಾಲುವೆಗೆ ಸಾಗಿಸಿದ್ದರು. ದಿನಾ ಸಂಜೆ ಆರಕ್ಕೆ ಚಿಕ್ಕ ಬಾಗಿಲಿಗೆ ಬೀಗ, ಬೆಳಗ್ಗೆ ಆರಕ್ಕೆ ತೆಗೆಯುವುದು. ನೀರು ನುಗ್ಗಿದ ಗಡಿಬಿಡಿಯಲ್ಲಿ ಆ ಬೀಗ ಯಾರಿಗೂ ನೆನಪಾಗಿರಲಿಲ್ಲ. ಮಂಜೇಶನಿಗೆ ಯಾವಾಗ ನೆನಪಾಯಿತೋ, ನೆನಪಾದ ಮೇಲೆ ಎಷ್ಟು ಹೊತ್ತು ಕೆಲಸದ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದನೋ, ನಾನು ಇವತ್ತಿಗೂ ಕೇಳಿಲ್ಲ. ರವಿಚಂದ್ರ ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು. ಆ ತೀರ್ಮಾನಕ್ಕೆ ಸಹಿ ಹಾಕಿದವರು ಅವರೇ, ಶೆಡ್ ಎಲ್ಲಿಗೆ ಹೋಯಿತೆಂದು ಆಮೇಲೆ ನೋಡಿರಲಿಲ್ಲ.

ಪಾಪಕ್ಕ ಯಾರನ್ನೂ ಬೈಯಲಿಲ್ಲ. ಎದ್ದು ಹ್ಯಾಂಡಲನ್ನು ನನ್ನ ಕೈಗೆ ಕೊಟ್ಟಳು. ಮೂವತ್ತಮೂರು ವರ್ಷಗಳಲ್ಲಿ ಅದು ಬೇರೆಯವರ ಕೈಗೆ ಬಂದದ್ದು ಅದೇ ಮೊದಲು. ನಾನು ಬರುವ ತನಕ ಬ್ರಹ್ಮ ಬಂದು ಕೇಳಿದರೂ ಕೊಡಬೇಡ ಎಂದಳು. ನಾನು ಅವಳು ಕೂತಿದ್ದ ಕೆಸರಿನಲ್ಲೇ ಕೂತೆ.

ಮುಂದಿನದನ್ನು ನಾನು ಏರಿಯ ಮೇಲಿಂದ ನೋಡಿದ್ದು. ಗೋಪಾಲಪ್ಪ ತನ್ನ ಟ್ರ್ಯಾಕ್ಟರ್ ತಂದ. ಸರಪಳಿ ಬಿಗಿದು ಎಳೆದಾಗ ಆ ಫಾರಿನ್ ಮೋಟಾರಿನ ಗೇಟು ಕಂಬಿಯಿಂದ ಕಿತ್ತು ನೀರಿನಲ್ಲಿ ಅಡ್ಡಬಿತ್ತು. ಲೇಔಟಿನ ಜನ ಮುದುಕರನ್ನೂ ಮಕ್ಕಳನ್ನೂ ಎತ್ತಿಕೊಂಡು ಈಚೆ ಬರುತ್ತಿದ್ದರು. ಅವರಿಗೆ ಎದುರಾಗಿ ಪಾಪಕ್ಕ ಒಳಗೆ ಹೋದಳು, ಮಂಜೇಶ, ರವಿಚಂದ್ರ ಅವಳ ಹಿಂದೆ ಓಡಿದರು. ಗೋಡೆಯ ಬೀಗವನ್ನು ಕಲ್ಲಿನಿಂದ ಒಡೆದರಂತೆ. ಆಚೆಗೆ, ಇಟ್ಟಿಗೆಯ ಮೇಲೆ ಎತ್ತಿಟ್ಟ ಮಂಚದ ಮೇಲೆ ಮಾಲಿ, ಅವನ ಹೆಂಡತಿ, ಆರು ತಿಂಗಳ ಕೂಸು, ಅವನ ತಾಯಿ ಹುಲಿಗೆಮ್ಮ ಕೂತಿದ್ದರು. ಎರಡು ದಿನ ಗೋಡೆ ಬಡಿದು ಕೂಗಿದ್ದರಂತೆ, ಮಳೆಯ ಸದ್ದಿಗೆ ಯಾರಿಗೂ ಕೇಳಿಸಿರಲಿಲ್ಲ. ಹುಲಿಗೆಮ್ಮ ತನ್ನ ಮೇಕೆಯನ್ನು ಬಿಟ್ಟು ಕದಲುವುದಿಲ್ಲ ಎಂದಾಗ ಅದನ್ನು ಹೆಗಲ ಮೇಲೆ ಹೊತ್ತು ತಂದವರು ರವಿಚಂದ್ರ. ಹರಿದ ಪ್ಯಾಂಟು, ಹೆಗಲ ಮೇಲೆ ಅರಚುವ ಮೇಕೆ, ಕಣ್ಣಲ್ಲಿ ನೀರು. ಅವರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ನನಗೆ ಅಲ್ಲೇ ಇಳಿಯಿತು.

ಆ ನಾಲ್ವರೂ ಸಿಕ್ಕರಲ್ಲ, ಇನ್ನು ಎತ್ತು ಎಂದು ನಾವು ಕೂಗಿದೆವು. ಪಾಪಕ್ಕ ಕೇಳಲಿಲ್ಲ. ಕಾಲುವೆಯ ಕೊನೆಗೆ ಹೋದಳು, ಅಲ್ಲಿಂದ ತಲೆಗೆ ನಡೆದಳು. ಆಳ ಹೆಚ್ಚಿದ್ದ ಕಡೆ ಮಂಜೇಶ ಅವಳ ರಟ್ಟೆ ಹಿಡಿದುಕೊಂಡಿದ್ದ. ಪ್ರತಿ ತಿರುವಿನಲ್ಲೂ ನಿಂತು ಕೂಗಿದಳು.

"ನೀರ್ ಬತ್ತದೆ, ದಡಕ್ ಬನ್ರಪ್ಪೋ."

ಒಂದೊಂದು ಕಡೆ ಮೂರು ಸಲ. ನಾನು ಬಸ್ಸಿನ ಕಿಟಕಿಯಿಂದ ನಕ್ಕಿದ್ದು ಇದೇ ಕೂಗಿಗೆ. ಏರಿಯ ಮೇಲೆ ಕೂತು ಹ್ಯಾಂಡಲ್ ಅಪ್ಪಿಕೊಂಡು ನಾನು ಅತ್ತೆ.

ಬಂದವಳು ಹ್ಯಾಂಡಲ್ ಸಿಕ್ಕಿಸಿ ಎರಡು ಸುತ್ತು ತಿರುಗಿಸಿದಳು, ಕಾಲುವೆಯಲ್ಲಿ ನೀರು ಹೇಗೆ ಹಿಡಿಯುತ್ತದೆ ಎಂದು ನಿಂತು ನೋಡಿದಳು, ಮತ್ತೆ ನಾಲ್ಕು ಸುತ್ತು. ಕೆಂಪು ನೀರು ಮಾಲಿಯ ಶೆಡ್ಡುಗಳ ತಗಡನ್ನು ಎತ್ತಿಕೊಂಡು ಕೆಳಗಿನ ಊರಿನ ಕೆರೆಗೆ ಓಡಿತು. ಮಧ್ಯಾಹ್ನದ ಹೊತ್ತಿಗೆ ಬೇವಿನಮರದ ಹತ್ತಿರದ ಜಿನುಗು ನಿಂತಿತು. ಏರಿ ಉಳಿಯಿತು.

ಗೋಪಾಲಪ್ಪ ಕ್ಷಮೆ ಕೇಳುವ ಜಾತಿಯವನಲ್ಲ. ಸಂಜೆ ಒಂದು ಮೂಟೆ ರಾಗಿಯನ್ನು ಅವಳ ಜಗುಲಿಯ ಮೇಲೆ ಇಳಿಸಿ, ನೀರುಗಂಟಿ ಪಾಲು ಎಂದಷ್ಟೇ ಹೇಳಿ ಹೋದ. ಮಾಲಿಯ ಕುಟುಂಬ ಪಾಪಕ್ಕನ ಮನೆಯ ಪಡಸಾಲೆಯಲ್ಲೇ ಉಳಿಯಿತು. ಅವರನ್ನು ಮತ್ತೆ ಗೋಡೆಯಾಚೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ಗಂಡ ಹೆಂಡತಿ ಊರಿನಿಂದಲೇ ಲೇಔಟಿನ ಕೆಲಸಕ್ಕೆ ಹೋಗತೊಡಗಿದರು, ದಿನಕ್ಕೆ ನಾಲ್ಕು ಸಲ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ.

ಯಾಕೆಂದರೆ ಎರಡು ತಿಂಗಳಲ್ಲಿ ಗೇಟ್ ಮತ್ತೆ ನಿಂತಿತು. ಪಾಪಕ್ಕ ಈಗ ಮಳೆಗೆ ಕಾಯದೆ, ಕೆರೆಯಲ್ಲಿ ನೀರಿದೆ ಎಂದು ತಿಂಗಳಿಗೊಮ್ಮೆ ಕಾಲುವೆ ನೋಡಲು ಹೊರಟಳು. ರವಿಚಂದ್ರ ಗೇಟಿನ ಹತ್ತಿರ ಕಾಯುತ್ತಿದ್ದರು. ಬಹಳ ಗೌರವದಿಂದ ಅವಳ ಕೈಗೆ ಒಂದು ಪಾಸು ಕೊಟ್ಟರು. ಅವಳ ಫೋಟೋ, ಹೆಸರು, ಕೆಂಪು ದಾರ. ಇನ್ನು ಮೇಲೆ ನೀವು ಎಲ್ಲೂ ಸಹಿ ಹಾಕಬೇಕಿಲ್ಲ, ಇದನ್ನು ತೋರಿಸಿದರೆ ಸಾಕು, ಜೀವನಪೂರ್ತಿ ಎಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಪಾಪಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವರ ಕೈಯಲ್ಲೇ ವಾಪಸ್ ಇಟ್ಟಳು.

"ಒಳ್ಳೆ ಮನಸ್ಸಿಂದ ಕೊಟ್ರಿ ಸ್ವಾಮಿ. ಆದ್ರೆ ನಾನಿದನ್ನ ತಗೊಂಡ್ರೆ ಇದು ಇಲ್ದೋರ್ನ ನಿಲ್ಸೋದು ಸರಿ ಅಂತ ನಾನೇ ಒಪ್ಕೊಂಡಂಗೆ. ನಾನು ಇಲ್ಲೇ ಕೂತಿರ್ತೀನಿ, ನೀವು ನಿಧಾನಕ್ಕೆ ಯೋಚ್ನೆ ಮಾಡಿ."

ಹಾಗೆಂದು ಗೇಟಿನ ನಟ್ಟನಡುವೆ ಕೂತಳು. ಒಳಗೆ ಐದು ಕಾರು, ಹೊರಗೆ ಮೂರು ಕಾರು ಸಾಲುಗಟ್ಟಿ ಹಾರನ್ ಬಾರಿಸತೊಡಗಿದವು. ಈ ಸಲ ನಾನು ಗದರಿಸಲಿಲ್ಲ, ಹೋಗಿ ಅವಳ ಪಕ್ಕ ಕೂತೆ. ಕಂಡಕ್ಟರನಾಗಿದ್ದವನಿಗೆ ಗಡಿಯಾರ ನೋಡುವ ಚಟ ಬಿಡುವುದಿಲ್ಲ. ಹತ್ತೊಂಬತ್ತು ನಿಮಿಷಕ್ಕೆ ಗೇಟ್ ಸರಿಯಿತು. ಮುಂದಿನ ತಿಂಗಳು ಎಂಟು ನಿಮಿಷ. ಅದರ ಮುಂದಿನ ತಿಂಗಳು ಕೂರುವ ಪ್ರಮೇಯವೇ ಬರಲಿಲ್ಲ. ಬಂಡಿದಾರಿಯ ತಿರುವಿನಲ್ಲಿ ಅವಳ ತಲೆ ಕಾಣಿಸುತ್ತಲೇ ಮಂಜೇಶ ಗುಂಡಿ ಒತ್ತಿದ.

ಅವಳು ನಡೆಯುವುದನ್ನು ನಿಧಾನ ಮಾಡಲಿಲ್ಲ, ಜೋರೂ ಮಾಡಲಿಲ್ಲ. ರಿಜಿಸ್ಟರಿನ ಮೇಜನ್ನು ನೋಡದೆ ದಾಟಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಮಾಲಿಯ ಹೆಂಡತಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ದಾಟಿದಳು, ಅವಳನ್ನು ಯಾರೂ ಹೆಬ್ಬೆಟ್ಟು ಕೇಳಲಿಲ್ಲ. ಆಮೇಲೆ ಹುಲಿಗೆಮ್ಮ ಬಂದಳು. ಕೊನೆಗೆ ಮೇಕೆ ಬಂತು, ಗೇಟಿನ ನಡುವೆ ನಿಂತು ಎಡಕ್ಕೂ ಬಲಕ್ಕೂ ನೋಡಿತು, ಹೋಗುವ ಮನಸ್ಸಿಲ್ಲದಂತೆ ನಿಂತೇ ಇತ್ತು. ಮಂಜೇಶ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅದು ದಾಟುವ ತನಕ ಕಾದ.